ದಾನಿಯ ತೊಡೆಯ ಪಟ್ಟಿ ಒಳಗೆ ಏಕೆ ನಿಲ್ಲಲಿಲ್ಲ?

ಗರ್ಭಕೋಶ ಜಾರಿದೆ ಎಂದು ಬಾಯಿಬಿಟ್ಟು ಹೇಳಲು ನಮ್ಮಲ್ಲಿ ಎಷ್ಟೋ ಹೆಂಗಸರು ಇಂದಿಗೂ ಹಿಂಜರಿಯುತ್ತಾರೆ. ವರ್ಷಗಟ್ಟಲೆ ಸಹಿಸಿಕೊಂಡು ಕೊನೆಗೆ ಆಸ್ಪತ್ರೆಗೆ ಬರುವವರಿಗೆ, ಒಳಗೆ ಏನನ್ನು ಹೊಲಿಯುತ್ತಾರೆ ಎಂಬುದು ತಿಳಿದಿರಲೇಬೇಕು.

ಸಡಿಲಗೊಂಡ ಅಂಗಾಂಶವನ್ನೇ ಮಡಿಚಿ ಹೊಲಿಯುವುದು ಹಳೆಯ ಪದ್ಧತಿ. ಸವೆದ ಸೀರೆಗೆ ಹಾಕಿದ ಹೊಲಿಗೆಯ ಪಕ್ಕದಲ್ಲೇ ಮತ್ತೆ ಹರಿಯುವ ಹಾಗೆ, ಕೆಲವರಲ್ಲಿ ತೊಂದರೆ ಮರುಕಳಿಸುತ್ತಿತ್ತು. ಹಾಗಾಗಿ ತೇಪೆಯ ಯೋಚನೆ ಬಂತು. ಮೊದಲ ತೇಪೆ ಸಿಕ್ಕಿದ್ದು ರೋಗಿಯ ಮೈಯಲ್ಲೇ. ಮುಂಬೈಯ ವೈದ್ಯ ಪುರಂದರೆ ಅವರ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯ ಸ್ನಾಯುವಿನ ಹೊದಿಕೆಯಿಂದ ಪಟ್ಟಿ ತೆಗೆದು ಗರ್ಭಕೊರಳನ್ನು ಮೇಲಕ್ಕೆ ಕಟ್ಟುತ್ತಿದ್ದರು. ತೊಡೆಯ ಹೊರಬದಿಯ ಗಟ್ಟಿ ಪದರವಾದ ಫೇಷಿಯಾ ಲೇಟಾವನ್ನು ತೆಗೆದವರೂ ಇದ್ದಾರೆ. ಆದರೆ ಅದಕ್ಕಾಗಿ ತೊಡೆಯಲ್ಲಿ ಇನ್ನೊಂದು ಗಾಯವಾಗಬೇಕು.

ಆ ಗಾಯ ಬೇಡವೆಂದು 1990ರ ದಶಕದಲ್ಲಿ ಅಮೆರಿಕದ ವೈದ್ಯರು ಮೃತ ದಾನಿಗಳ ಫೇಷಿಯಾವನ್ನು ದಾನವಾಗಿ ಬಂದ ಅಂಗಾಂಶ ಕಾಪಿಡುವ ಟಿಶ್ಯೂ ಬ್ಯಾಂಕ್‌ಗಳಿಂದ ತರಿಸತೊಡಗಿದರು. ಬರುತ್ತಿದ್ದುದು ಒಣಗಿದ ಬಿಳಿಚಿದ ಪಟ್ಟಿ. ಆಪರೇಷನ್‌ಗೆ ಮುಂಚೆ ಸಲೈನ್‌ನಲ್ಲಿ ನೆನೆಸಿದರೆ ಮೆತ್ತಗಾಗುತ್ತಿತ್ತು. ಸೋಂಕಿನ ಭಯಕ್ಕೆ ಆಧಾರವೂ ಇತ್ತು: ದಾನಿಯ ಮೆದುಳಿನ ಪೊರೆ ಕಸಿ ಮಾಡಿಸಿಕೊಂಡವರಲ್ಲಿ ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಎಂಬ ಮಾರಕ ಮೆದುಳು ರೋಗ ಕಾಣಿಸಿಕೊಂಡ ವರದಿ 1987ರಲ್ಲಿ ಬಂದಿತ್ತು. ಅದಕ್ಕೆಂದೇ ಜೀವಕೋಶಗಳನ್ನು ತೊಳೆದು, ಒಣಗಿಸಿ, ಕೆಲವು ಕಡೆ ವಿಕಿರಣಕ್ಕೂ ಒಡ್ಡುತ್ತಿದ್ದರು. ಅಪಾಯ ತಗ್ಗಿಸಲು ಮಾಡಿದ ಈ ಸಂಸ್ಕರಣೆಯೇ ಪಟ್ಟಿಯ ಬಲವನ್ನೂ ಕುಗ್ಗಿಸಬಲ್ಲದು. ರೋಗಿಯ ಸ್ವಂತ ಅಂಗಾಂಶ ಬೆಳೆದು ಜಾಗ ತುಂಬುವ ಮೊದಲೇ ದೇಹ ಅದನ್ನು ಕರಗಿಸಿಬಿಟ್ಟರೆ ಆಧಾರವೇ ಇರುವುದಿಲ್ಲ. ಮತ್ತೆ ಹೊಟ್ಟೆ ತೆರೆದ ಶಸ್ತ್ರವೈದ್ಯರಿಗೆ ಕೆಲವರಲ್ಲಿ ಪಟ್ಟಿಯ ಗುರುತೂ ಸಿಗಲಿಲ್ಲ.

2005ರಲ್ಲಿ ಅಮೆರಿಕದ ವೈದ್ಯ ಕಲಿಗನ್ ಅವರ ತಂಡ 100 ಮಹಿಳೆಯರ ಅಧ್ಯಯನ ಪ್ರಕಟಿಸಿತು. ಹೊಟ್ಟೆಯ ಮೂಲಕ ಯೋನಿಯ ಮೇಲ್ತುದಿಯನ್ನು ಬೆನ್ನುಮೂಳೆಯ ಬುಡದ ತ್ರಿಕಾಸ್ಥಿಗೆ ಬಿಗಿಯುವ ಶಸ್ತ್ರಚಿಕಿತ್ಸೆ ಅದು. ವರ್ಷದ ಬಳಿಕ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನ ಬಲೆ (ಮೆಶ್) ಹಾಕಿದವರಲ್ಲಿ ಶೇ 91, ದಾನಿ ಫೇಷಿಯಾ ಹಾಕಿದವರಲ್ಲಿ ಶೇ 68ರಷ್ಟು ಮಂದಿ ಗುಣವಾಗಿದ್ದರು.

ಮೆಶ್‌ಗೆ ಬೇಡಿಕೆ ಹೆಚ್ಚುತ್ತಿದ್ದ ಕಾಲ ಅದು. ಯೋನಿಯ ಮೂಲಕ ಹಾಕಿದ ಮೆಶ್ ಗೋಡೆ ಸೀಳಿ ಹೊರಬಂದು, ನೋವು, ರಕ್ತಸ್ರಾವದಿಂದ ಮಹಿಳೆಯರು ಬಳಲಿದರು. ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2008 ಮತ್ತು 2011ರಲ್ಲಿ ಎಚ್ಚರಿಸಿ, 2019ರ ಏಪ್ರಿಲ್‌ನಲ್ಲಿ ಜಾರುವಿಕೆಗೆ ಯೋನಿಯ ಮೂಲಕ ಹಾಕುವ ಮೆಶ್‌ನ ಮಾರಾಟವನ್ನೇ ನಿಲ್ಲಿಸಿತು. ಹೊಟ್ಟೆಯ ಮೂಲಕ ಹಾಕುವುದಕ್ಕೆ ಆ ಆದೇಶ ಅನ್ವಯಿಸಲಿಲ್ಲ. ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ.

ಬ್ರಿಟನ್‌ನ ಪ್ರಾಸ್ಪೆಕ್ಟ್ ಅಧ್ಯಯನ ಸ್ವಂತ ಅಂಗಾಂಶದ ಹೊಲಿಗೆಯನ್ನು ಮೆಶ್‌ನೊಂದಿಗೂ, ಪ್ರಾಣಿಗಳ ಅಂಗಾಂಶದ ತೇಪೆಯೊಂದಿಗೂ ಹೋಲಿಸಿತು. ಎರಡು ವರ್ಷದ ಮಟ್ಟಿಗೆ, ತೇಪೆ ಹಾಕಿಸಿಕೊಂಡ ಮಹಿಳೆಯರಿಗೆ ಬರೀ ಹೊಲಿಗೆಗಿಂತ ಹೆಚ್ಚಿನ ಆರಾಮ ಸಿಕ್ಕಿರಲಿಲ್ಲ.