ಡೇಟಿಂಗ್ ಆ್ಯಪ್‌ನ ‘400 ಮೀಟರ್’ ಏನೆಲ್ಲ ಹೇಳಿಬಿಡುತ್ತದೆ

ಗೇ ಪುರುಷರು ಹೆಚ್ಚಾಗಿ ಬಳಸುವ ಗ್ರೈಂಡರ್ 2009ರಲ್ಲಿ ಬಂದಾಗ ಅದರ ಹೊಸತನ ಒಂದೇ: ಹತ್ತಿರ ಯಾರಿದ್ದಾರೆ, ಎಷ್ಟು ದೂರದಲ್ಲಿದ್ದಾರೆ ಎಂದು ತೋರಿಸುವುದು. ಅಪಾಯವೂ ಅಲ್ಲೇ.

ಇಂಥ ಆ್ಯಪ್ ವಿಳಾಸ ಹೇಳುವುದಿಲ್ಲ, ‘400 ಮೀಟರ್’ ಎಂದಷ್ಟೇ ಹೇಳುತ್ತದೆ. ಆದರೆ ನಿಮ್ಮನ್ನು ಹುಡುಕುವವನು ಕುಳಿತಲ್ಲಿಂದಲೇ ನಕಲಿ ಲೊಕೇಶನ್ ಕೊಟ್ಟು ಮೂರು ಕಡೆಯಿಂದ ನಿಮ್ಮ ಪ್ರೊಫೈಲ್ ನೋಡಿದರೆ ಮೂರು ದೂರ ಸಿಗುತ್ತವೆ. ಮ್ಯಾಪ್ ಮೇಲೆ ಆ ಅಳತೆಯ ಮೂರು ವೃತ್ತ ಎಳೆದರೆ, ಅವು ಕೂಡುವಲ್ಲಿ ನಿಮ್ಮ ಮನೆ. ದೂರವನ್ನು ಕಿಲೋಮೀಟರ್ ಲೆಕ್ಕಕ್ಕೆ ಇಳಿಸಿದರೂ ಸಾಲದು. ಅಂಕಿ 1ರಿಂದ 2ಕ್ಕೆ ಜಿಗಿಯುವ ಜಾಗ ಹಿಡಿದರೆ ವೃತ್ತದ ಅಂಚೇ ಸಿಕ್ಕಂತೆ. ದೂರ ಮರೆಮಾಡಿದರೂ ಪಟ್ಟಿ ಹತ್ತಿರದವರಿಂದ ಶುರುವಾಗುತ್ತಿದ್ದರೆ, ಪಟ್ಟಿಯಲ್ಲಿ ಒಂದು ನಿಮಗಿಂತ ಮೊದಲು, ಇನ್ನೊಂದು ನಿಮ್ಮ ನಂತರ ಬರುವಂತೆ ಎರಡು ನಕಲಿ ಖಾತೆಗಳನ್ನಿಟ್ಟು ನಿಮ್ಮ ದೂರ ಅಂದಾಜಿಸಬಹುದು. ದೂರ ಲೆಕ್ಕ ಹಾಕುವ ಮೊದಲೇ ಲೊಕೇಶನ್ ಅನ್ನು ಒಂದು ದೊಡ್ಡ ಚೌಕದ ನಡುಬಿಂದುವಿಗೆ ಸರಿಸುವುದು ಸರಿಯಾದ ಪರಿಹಾರ. ಅದು ಕಂಪನಿಯ ಕೆಲಸ. ನಮ್ಮ ಕೈಲಿರುವುದು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ನಿಖರ ಲೊಕೇಶನ್ ಆಫ್ ಮಾಡುವುದು. ಆಂಡ್ರಾಯ್ಡ್ 12ರಿಂದೀಚೆಗೆ ಈ ಸೌಲಭ್ಯವಿದೆ, ಐಫೋನ್‌ನಲ್ಲೂ ಇದೆ. ಲಿಂಕ್ಡ್‌ಇನ್‌ನಲ್ಲಿರುವ ಫೋಟೋವನ್ನೇ ಇಲ್ಲೂ ಹಾಕಿದ್ದರೆ ಮಾತ್ರ ಇದೆಲ್ಲ ದಂಡ.

ಲೈಂಗಿಕತೆಯನ್ನು ಅಧಿಕಾರ ಬಾಯಿ ಮುಚ್ಚಿಸಿ ಮಾತ್ರವಲ್ಲ, ಬಾಯಿ ಬಿಡಿಸಿಯೂ ಆಳುತ್ತದೆ ಎಂಬುದು ಫ್ರೆಂಚ್ ಚಿಂತಕ ಮಿಶೆಲ್ ಫೂಕೋ 1976ರಲ್ಲಿ ಮುಂದಿಟ್ಟ ವಾದ. ಅವನ ಕಾಲಕ್ಕೆ ಚರ್ಚಿನ ಪಾಪನಿವೇದನೆ, ವೈದ್ಯರ ಕೊಠಡಿ. ಈಗ ಪ್ರೊಫೈಲಿನ ಖಾಲಿ ಜಾಗಗಳು. ಎತ್ತರ, ತೂಕ, ಎಚ್‌ಐವಿ ಸ್ಥಿತಿ, ಕೊನೆಯ ಪರೀಕ್ಷೆಯ ದಿನಾಂಕ. ಯಾರೂ ಒತ್ತಾಯಿಸುವುದಿಲ್ಲ, ನಾವೇ ತುಂಬುತ್ತೇವೆ. ಗ್ರೈಂಡರ್‌ನ ಎಚ್‌ಐವಿ ಮಾಹಿತಿ ಎರಡು ಹೊರಗಿನ ಸಾಫ್ಟ್‌ವೇರ್ ಕಂಪನಿಗಳಿಗೆ ಹೋಗುತ್ತಿತ್ತೆಂದು 2018ರ ಏಪ್ರಿಲ್‌ನಲ್ಲಿ ಬಯಲಾಯಿತು. ಜಾಹೀರಾತು ಕಂಪನಿಗಳಿಗೆ ಮಾಹಿತಿ ಕೊಟ್ಟದ್ದಕ್ಕೆ ನಾರ್ವೆ 2021ರಲ್ಲಿ ಅದಕ್ಕೆ 6.5 ಕೋಟಿ ಕ್ರೋನ ದಂಡ ಹಾಕಿತು. ಒಬ್ಬ ವ್ಯಕ್ತಿ ಈ ಆ್ಯಪ್ ಬಳಸುತ್ತಾನೆ ಎಂಬುದೇ ಅವನ ಲೈಂಗಿಕತೆಯ ಸುಳಿವು ಎಂದು ಆ ತೀರ್ಮಾನ ಒಪ್ಪಿಕೊಂಡದ್ದು ನನಗೆ ದಂಡದ ಮೊತ್ತಕ್ಕಿಂತ ಮುಖ್ಯ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ಸಲಿಂಗಕಾಮವನ್ನು ಅಪರಾಧವಾಗಿಸಿದ್ದ 377ನೇ ವಿಧಿಯ ಹಲ್ಲು ಕಿತ್ತಿತು. ಆದರೆ ಇಂಥ ಆ್ಯಪ್‌ಗಳಲ್ಲಿ ಬ್ಲ್ಯಾಕ್‌ಮೇಲ್ ಮಾಡುವವನ ಬಂಡವಾಳ ಕಾನೂನೊಂದೇ ಆಗಿರಲಿಲ್ಲ. ಅಪ್ಪ-ಅಮ್ಮ, ಮನೆ ಮಾಲೀಕ, ಆಫೀಸು ಇನ್ನೂ ಇವೆ. ಬೆದರಿಕೆ ಬಂದರೆ ಹಣ ಕಳಿಸಬೇಡಿ, ಒಮ್ಮೆ ಕೊಟ್ಟವರ ಹತ್ತಿರ ಮತ್ತೆ ಕೇಳುತ್ತಾರೆ. ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಪ್ರೊಫೈಲ್, ಚಾಟ್, ಯುಪಿಐ ಐಡಿಗಳ ಸ್ಕ್ರೀನ್‌ಶಾಟ್ ಮೊದಲು, ಬ್ಲಾಕ್ ಆಮೇಲೆ. ಗಾಬರಿಯಲ್ಲಿ ಎಲ್ಲರೂ ಮಾಡುವುದು ಇದರ ಉಲ್ಟಾ, ಹಲವು ಆ್ಯಪ್‌ಗಳಲ್ಲಿ ಬ್ಲಾಕ್ ಮಾಡಿದೊಡನೆ ಚಾಟ್ ಕೂಡ ಮಾಯವಾಗುತ್ತದೆ.