ಗೋವಾದ ರೈಲು ನಿಂತಿದ್ದ ಆರು ವರ್ಷ: ಎಂಬಾರ್ಗೋ ಅಂದರೇನು?

ಗೋವಾದ ವಾಸ್ಕೋದಲ್ಲಿ ಕನ್ನಡದವರು ತುಂಬಾ ಜನ. ಹೆಚ್ಚಿನವರು ಉತ್ತರ ಕರ್ನಾಟಕದಿಂದ ಕೆಲಸ ಹುಡುಕಿ ಬಂದವರು. ಊರಿಗೆ ಹೋಗಲು ಅವರು ಹತ್ತುವ ರೈಲು ಕ್ಯಾಸಲ್‌ರಾಕ್ ಘಾಟಿ ಏರುತ್ತದೆ. 1955ರಿಂದ ಆರು ವರ್ಷಕ್ಕೂ ಜಾಸ್ತಿ ಕಾಲ ಆ ಗಡಿಯಲ್ಲಿ ರೈಲು ಓಡಾಟವೇ ಇರಲಿಲ್ಲ. ಭಾರತವು ಪೋರ್ಚುಗೀಸರ ಗೋವಾದ ಮೇಲೆ ಎಂಬಾರ್ಗೋ, ಅಂದರೆ ವ್ಯಾಪಾರ ನಿರ್ಬಂಧ, ಹೇರಿತ್ತು.

ಸ್ಪ್ಯಾನಿಷ್‌ನಿಂದ ಬಂದ ಪದ ಇದು. ತಡೆಹಿಡಿಯುವುದು ಎಂದು ಅರ್ಥ. ಹಡಗುಗಳು ಬಂದರು ಬಿಟ್ಟು ಹೊರಡದಂತೆ ಸರ್ಕಾರ ಕೊಡುವ ಆಜ್ಞೆಗೆ ಮೊದಲು ಈ ಹೆಸರಿತ್ತು. ಇಂಗ್ಲಿಷಿಗೆ ಬಂದಿದ್ದು 1600ರ ಸುಮಾರಿಗೆ. 1807ರಲ್ಲಿ ಅಮೆರಿಕ ತನ್ನ ಹಡಗುಗಳನ್ನೇ ತಡೆದು, ತನ್ನ ಬಂದರುಗಳೇ ಸೊರಗಿದ ಮೇಲೆ 1809ರಲ್ಲಿ ಕೈಬಿಟ್ಟಿತು. 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದಾಗ ಪದ ಮನೆಮಾತಾಯಿತು.

ಗೋವಾದ ಕಥೆ, ಅದನ್ನು ಬಿಟ್ಟುಕೊಡಿ ಎಂದು ಪೋರ್ಚುಗಲ್ ಜೊತೆ ಭಾರತ ನಡೆಸಿದ ಮಾತುಕತೆ ಮುರಿದಲ್ಲಿಂದ ಶುರು. 1953ರಲ್ಲಿ ಭಾರತ ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನ ತನ್ನ ರಾಯಭಾರ ಕಚೇರಿ ಮುಚ್ಚಿತು. 1955ರ ಆಗಸ್ಟ್ 15ರಂದು ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಸಂಬಂಧವೇ ಕಡಿಯಿತು. ಸಿಟ್ಟು ಬಾರದೆ ಇರುತ್ತಾ? ಬಿಗಿ ಮಾಡಲು ಕಾರಣ ಇತ್ತು.

ಆದರೆ ಬಿಗಿ ತಟ್ಟಿದ್ದು ಯಾರಿಗೆ? ಮುಂಬೈಯ ಹಡಗು, ಹೋಟೆಲು, ಮನೆಗಳಲ್ಲಿ ದುಡಿಯುತ್ತಾ ಧೋಬಿ ತಲಾವ್ ಕಡೆಯ ಕೂಡ್‌ಗಳಲ್ಲಿ (ಊರಿನವರು ಸೇರಿ ನಡೆಸುವ ವಸತಿಗಳಲ್ಲಿ) ತಂಗುತ್ತಿದ್ದ ಗೋವಾದವರು ಊರಿಗೆ ಮನಿಯಾರ್ಡರ್ ಕಳಿಸುವಂತಿರಲಿಲ್ಲ. ಆ ಹಣದಲ್ಲೇ ಎಷ್ಟೋ ಮನೆಗಳ ಒಲೆ ಉರಿಯುತ್ತಿತ್ತು. ಕಾರವಾರದವರಿಗೂ ಬೆಳಗಾವಿಯವರಿಗೂ ಗಡಿಯಾಚೆ ನೆಂಟರು, ವ್ಯಾಪಾರ ಎರಡೂ ಇದ್ದವು. ಸಂತೆಯ ದಾರಿ ಕಳ್ಳಸಾಗಣೆಯ ದಾರಿಯಾಯಿತು.

ಪಣಜಿಯ ಆಡಳಿತ ಹೊರಗಿನಿಂದ ಸರಕು ತರಿಸಿತು: ಆಲೂಗಡ್ಡೆ ನೆದರ್ಲೆಂಡ್ಸಿನಿಂದ, ಅಕ್ಕಿ ಪಾಕಿಸ್ತಾನದಿಂದ, ಚಹಾ ಸಿಲೋನಿನಿಂದ, ಸಿಮೆಂಟು ಜಪಾನಿನಿಂದ. ದಾಬೋಳಿಯಲ್ಲಿ ವಿಮಾನ ನಿಲ್ದಾಣ ಬಂತು. ಇದಕ್ಕೆಲ್ಲ ದುಡ್ಡು ಕೊಟ್ಟಿದ್ದು ಮುಖ್ಯವಾಗಿ ಕಬ್ಬಿಣದ ಅದಿರು. ಅದು ಮುರ್ಮಗೋವಾ ಬಂದರಿನಿಂದ ಜಪಾನಿಗೆ, ಪಶ್ಚಿಮ ಜರ್ಮನಿಗೆ ಹೋಗುತ್ತಲೇ ಇತ್ತು. ಗಣಿ ಇದ್ದವರಿಗೆ ಆ ವರ್ಷಗಳು ಏಳಿಗೆಯ ಕಾಲ.

ಇಲ್ಲೇ ಎಂಬಾರ್ಗೋದ ಮಿತಿ ಕಾಣುತ್ತದೆ. ಸರ್ಕಾರ ತನ್ನ ಜನರಿಗೆ ವ್ಯಾಪಾರ ಬೇಡ ಎನ್ನಬಹುದು. ಬೇರೆ ದೇಶದ ಹಡಗು ತಡೆಯಬೇಕೆಂದರೆ ನೌಕಾಪಡೆಯನ್ನೇ ಇಳಿಸಬೇಕು. ಸಮುದ್ರ ತೆರೆದಿದ್ದ ಗೋವಾ ಆರು ವರ್ಷ ಮಣಿಯಲಿಲ್ಲ. ಕೊನೆಗೆ 1961ರ ಡಿಸೆಂಬರ್ 18 ಮತ್ತು 19ರಂದು ಸೇನೆ ಒಳಗೆ ಹೋಗಬೇಕಾಯಿತು. ಆಮೇಲಷ್ಟೇ ಘಾಟಿಯ ರೈಲು ಮತ್ತೆ ಓಡಿತು, ಮನಿಯಾರ್ಡರೂ ಹೋಗತೊಡಗಿತು.