ಎಲೆ ಅದೇ, ಬೆಲೆ ಬೇರೆ

ಲಿಮಿಟ್ ಪೋಕರ್‌ನಲ್ಲಿ ಒಂದು ಸಲಕ್ಕೆ ಎಷ್ಟು ಪಣ ಕಟ್ಟಬೇಕು ಅನ್ನೋದು ಮೊದಲೇ ಗೊತ್ತಿರುತ್ತದೆ. ನೋ-ಲಿಮಿಟ್‌ನಲ್ಲಿ ನಿಮ್ಮ ಮುಂದೆ ಇರುವುದನ್ನೆಲ್ಲ ಒಂದೇ ಏಟಿಗೆ ತಳ್ಳಬಹುದು. ಇಸ್ಪೀಟಿನ ಎಲೆಗಳು ಅವೇ 52, ಯಾವ ಕೈ (ಅಂದರೆ ಎಲೆಗಳ ಜೋಡಣೆ) ದೊಡ್ಡದು ಅನ್ನುವ ನಿಯಮವೂ ಅದೇ. ಹಾಗಾದ್ರೆ ಲಿಮಿಟ್‌ನಲ್ಲಿ ಪಳಗಿದವರ ಲೆಕ್ಕ ಇಲ್ಲಿಗೂ ಸಲ್ಲಬೇಕು, ಅಲ್ವಾ? ಅರ್ಧ ಸಲ್ಲುತ್ತದೆ. ಉಳಿದರ್ಧ ಕೈ ಸುಡುತ್ತದೆ.

ಧಾರವಾಡದ ಸಪ್ತಾಪುರದ ಒಂದು ರೂಮಿನಲ್ಲಿ ಇಬ್ಬರು ಹುಡುಗರು ಹುಣಸೆ ಬೀಜ ಇಟ್ಟು ಹೋಲ್ಡೆಮ್ ಆಡುತ್ತಿದ್ದಾರೆ ಅಂದುಕೊಳ್ಳಿ. ಪೋಕರ್‌ನ ಈ ಬಗೆಯಲ್ಲಿ ಪ್ರತಿಯೊಬ್ಬನ ಕೈಗೆ ಎರಡು ಎಲೆ, ನೆಲದ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. (ಲೆಕ್ಕ ಕಲಿಯೋಕೆ ಬೀಜವೇ ಸಾಕು, ದುಡ್ಡು ಬೇಡವೇ ಬೇಡ.) ಒಬ್ಬನ ಕೈಯಲ್ಲಿ ಎರಡು ಆಟೀನು, ನೆಲದ ಮೇಲಿನ ನಾಲ್ಕು ಎಲೆಗಳಲ್ಲಿ ಮತ್ತೆರಡು ಆಟೀನು. ಕೊನೆಯ ಎಲೆಯಾಗಿ ಇನ್ನೊಂದು ಆಟೀನು ಬಿದ್ದರೆ ಐದು ಆಟೀನು ಸೇರಿ ಅವನು ಗೆದ್ದ ಅಂದುಕೊಳ್ಳೋಣ. ಅವನು ಕಾಣದ ಎಲೆಗಳು 46, ಅದರಲ್ಲಿ ಆಟೀನು 9. ಅಂದರೆ ಐದರಲ್ಲಿ ಒಂದು ಸಲ ಎಲೆ ಒಲಿಯುತ್ತದೆ.

ನಡುವೆ 70 ಬೀಜ ಇವೆ. ಲಿಮಿಟ್ ಆಟ, ಎದುರಿನವನು 10 ಕಟ್ಟಿದ. ‘ಹತ್ತ ಬೀಜ ಅಲ್ಲೇನಲೇ, ನೋಡೇಬಿಡೋಣು’ ಅಂತ ಇವನೂ ಕಟ್ಟುತ್ತಾನೆ. ಸರಿಯಾಗೇ ಮಾಡಿದ. 10 ಕೊಟ್ಟು 80ಕ್ಕೆ ಆಸೆಪಟ್ಟರೆ ಒಂಬತ್ತರಲ್ಲಿ ಒಂದು ಸಲ ಗೆದ್ದರೂ ನಷ್ಟವಿಲ್ಲ.

ಈಗ ನೋ-ಲಿಮಿಟ್. ಎದುರಿನವನು 70 ತಳ್ಳಿದ. 70 ಕೊಟ್ಟು 140 ಗೆಲ್ಲಬೇಕಾದರೆ ಮೂರರಲ್ಲಿ ಒಂದು ಸಲ ಗೆಲ್ಲಲೇಬೇಕು. ಎಲೆ ಮಾತ್ರ ಮೊದಲಿನಂತೆ ಐದಕ್ಕೊಂದೇ ಸಲ ಬರುತ್ತದೆ. ಇಬ್ಬರ ಹತ್ತಿರವೂ ಆಮೇಲೆ ಕಟ್ಟೋಕೆ ಬೀಜ ಉಳಿದಿಲ್ಲ ಅಂದರೆ, ಈ ‘ನೋಡೇಬಿಡೋಣ’ಕ್ಕೆ ಪ್ರತಿ ಸಲ ಸರಾಸರಿ 29 ಬೀಜ ಹೋಗುತ್ತವೆ. ಜಾಸ್ತಿ ಉಳಿದಿದ್ದರೆ ಲೆಕ್ಕ ಬದಲಾಗುತ್ತದೆ. ಇನ್ನೆಷ್ಟು ಬೀಜ ಉಳಿದಿವೆ ಅನ್ನೋ, ಲಿಮಿಟ್‌ನಲ್ಲಿ ಅಷ್ಟಾಗಿ ಕಾಡದ ಪ್ರಶ್ನೆ ಇಲ್ಲಿ ಎಲ್ಲಕ್ಕಿಂತ ದೊಡ್ಡದು.

ಸುಳ್ಳು ಪಣದ (ಕೈಯಲ್ಲಿ ಏನೂ ಇಲ್ಲದಿದ್ದರೂ ಇರುವಂತೆ ನಟಿಸಿ ಕಟ್ಟುವ ಬ್ಲಫ್‌ನ) ಕಥೆಯೂ ಹೀಗೇ, ಎದುರಿನವನು ಹಾಕುವುದೂ ಮೇಲಿನ ಲೆಕ್ಕವನ್ನೇ. ಕೊನೆ ಎಲೆ ಬಿದ್ದ ಮೇಲೆ 70ಕ್ಕೆ 10 ಕಟ್ಟುವವನು ಒಂಬತ್ತು ಸಲದಲ್ಲಿ ಒಮ್ಮೆ ಬ್ಲಫ್ ಮಾಡಿದರೆ ಸರಿ. 70ಕ್ಕೆ 70 ಕಟ್ಟುವವನು ಮೂರರಲ್ಲಿ ಒಮ್ಮೆ ಮಾಡಬಹುದು. ಹೆದರಿಸೋಕೆ 10 ಬೀಜ ಸಾಲುವುದಿಲ್ಲ.

ಕಂಪ್ಯೂಟರ್ ವಿಜ್ಞಾನಿಗಳಿಗೂ ಇದೇ ಗೋಡೆ ಎದುರಾಯಿತು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಬೌಲಿಂಗ್ ತಂಡದ ಸೆಫಿಯಸ್ ಎಂಬ ಪ್ರೋಗ್ರಾಮ್ 2015ರಲ್ಲಿ ಇಬ್ಬರು ಆಡುವ ಲಿಮಿಟ್ ಹೋಲ್ಡೆಮ್ ಅನ್ನು ಹೆಚ್ಚೂಕಮ್ಮಿ ಪೂರ್ತಿ ಬಿಡಿಸಿತು. ಅದಕ್ಕೆ 4,800 ಪ್ರೊಸೆಸರ್‌ಗಳು ಎರಡು ತಿಂಗಳಿಗೂ ಹೆಚ್ಚು ದುಡಿದವು. ಆ ಆಟದಲ್ಲಿ ನಿರ್ಧಾರ ಮಾಡಬೇಕಾದ ಸಂದರ್ಭಗಳು 1ರ ಮುಂದೆ 14 ಸೊನ್ನೆ ಇಟ್ಟಷ್ಟು. ನೋ-ಲಿಮಿಟ್‌ನಲ್ಲಿ 160 ಸೊನ್ನೆ! ಸೆಫಿಯಸ್ ಕಂಡುಕೊಂಡ ಉತ್ತರಗಳನ್ನು ಇಲ್ಲಿಗೆ ಹೊತ್ತು ತರೋಕೆ ದಾರಿಯೇ ಇರಲಿಲ್ಲ.

ಕಲಿಯುವ ರೀತಿ ಮಾತ್ರ ದಾಟಿ ಬಂತು, ನನಗೆ ಬಹಳ ಹಿಡಿಸುವುದು ಇದೇ. ಪ್ರತಿ ಕೈ (ಇಲ್ಲಿ ಒಂದು ಸುತ್ತಿನ ಆಟ) ಮುಗಿದ ಮೇಲೆ ಯಂತ್ರ ‘ಆಗ ಬೇರೆ ಮಾಡಿದ್ದರೆ ಎಷ್ಟು ಸಿಗುತ್ತಿತ್ತು?’ ಎಂದು ಲೆಕ್ಕ ಹಾಕುತ್ತದೆ. ಹೆಚ್ಚು ಸಿಗಬಹುದಾಗಿದ್ದ ಕಡೆಗೆ ಮುಂದಿನ ಸಲ ತುಸು ವಾಲುತ್ತದೆ. 2017ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಪ್ರೋಗ್ರಾಮ್ ಇದೇ ತಳಹದಿಯ ಮೇಲೆ ನೋ-ಲಿಮಿಟ್ ಆಡಿತು. ಆಟ ನಡೆಯುತ್ತಿದ್ದಾಗಲೇ ಎದುರಿನವರ ಪಣ ನೋಡಿ ಮುಂದಿನ ಭಾಗವನ್ನು ಹೊಸದಾಗಿ ಬಿಡಿಸಿಕೊಳ್ಳುತ್ತಿತ್ತು. 20 ದಿನ, 1,20,000 ಕೈ, ಎದುರಿಗೆ ನಾಲ್ವರು ಪಳಗಿದ ವೃತ್ತಿಪರರು, ನಾಲ್ವರೂ ಸೋತರು. ನಡುವೆ ಇದ್ದದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಪಣವನ್ನು ಅದು ಸಲೀಸಾಗಿ ತಳ್ಳುತ್ತಿತ್ತು. ಲಿಮಿಟ್‌ನಲ್ಲಿ ಅಂಥ ಪಣಕ್ಕೆ ಜಾಗವೇ ಇಲ್ಲ.